ಸಂಜೆ ಮನೆಗೆ ಬರುವವರ ಓಣಿ

ಬಂದರು, ಮಂಗಳೂರು
೧೯ ಜನವರಿ ೧೯೮೪

ಪ್ರೀತಿಯ ಮೈಮೂನಳ ಉಪ್ಪನಿಗೆ,

ಅಸ್ಸಲಾಮು ಅಲೈಕುಂ. ಹೇಗಿದ್ದೀರಿ? ಕ್ರೇನಿನ ಸೀಟಿನಲ್ಲಿ ದಿನವಿಡೀ ಕುಳಿತು ಬೆನ್ನು ಹಿಡಿದುಕೊಳ್ಳುತ್ತದೆ ಎಂದು ಬರೆದಿದ್ದಿರಿ. ಕಳೆದ ಸಲ ನಾನು ಕಟ್ಟಿಕೊಟ್ಟ ಎಣ್ಣೆ ಮುಗಿಯಿತೋ, ಅಥವಾ ರೂಮಿನವರೆಲ್ಲ ಹಚ್ಚಿಕೊಂಡು ನಿಮಗೆ ಬರೀ ಬಾಟಲಿ ಉಳಿಯಿತೋ? ದಮ್ಮಾಮಿನಲ್ಲಿ ಈಗ ಚಳಿ ಜೋರಂತೆ. "ಅವನು ಬೆಳಿಗ್ಗೆ ಕಿವಿಗೆ ಬಟ್ಟೆ ಕಟ್ಟಿಕೊಳ್ತಾನಾ, ಕೇಳಿ ಬರಿ" ಎಂದು ನಿಮ್ಮ ಉಮ್ಮ ಪಕ್ಕದಲ್ಲೇ ಕುಳಿತು ಹೇಳುತ್ತಿದ್ದಾರೆ. ಅವರ ಮೊಣಕಾಲು ನೋವು ಹಾಗೇ ಉಂಟು, ಬಾಯಿಗೆ ಮಾತ್ರ ಏನೂ ನೋವಿಲ್ಲ. ಮೈಮೂನ ಚೆನ್ನಾಗಿದ್ದಾಳೆ. ಮುಂದಿನ ಎರಡು ಹಲ್ಲು ಬಿದ್ದಿವೆ. ನಗುವಾಗ ಈಗ ನಿಮ್ಮ ಹಾಗೆಯೇ ಕೈ ಅಡ್ಡ ಹಿಡಿಯುತ್ತಾಳೆ, ಯಾರು ಕಲಿಸಿದರೋ ಗೊತ್ತಿಲ್ಲ.

ಕನ್ಯಾನದ ಮನೆ ನಿಮ್ಮ ಅಣ್ಣನ ಪಾಲಿಗೆ ಹೋದ ಮೇಲೆ ನಾವು ಮೂವರು ಇಲ್ಲಿ ನಿಮ್ಮ ಚಿಕ್ಕಪ್ಪ ಅಹ್ಮದ್ ಬಾವರ ಮಾಳಿಗೆಯಲ್ಲಿ ಇದ್ದೇವೆ ಎಂದು ಹಿಂದಿನ ಕಾಗದದಲ್ಲಿ ಬರೆದಿದ್ದೆ. ಅವರು, ಚಿಕ್ಕಮ್ಮ ಇಬ್ಬರೂ ನಮ್ಮನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಕೆಳಗೆ ಅವರ ಮೆಣಸಿನ ಗೋದಾಮು. ಮಧ್ಯಾಹ್ನ ಗೋಣಿ ಬಿಚ್ಚಿದರೆ ಮೇಲೆ ನಾವು ಮೂವರೂ ಒಟ್ಟಿಗೆ ಸೀನುತ್ತೇವೆ. ಬೆಳಿಗ್ಗೆ ನದಿಯ ಮೇಲಿನ ಮಂಜು ಓಣಿಯವರೆಗೂ ಬಂದು, ಎದುರಿನ ಹಂಚಿನ ಮಾಡುಗಳೆಲ್ಲ ಅರ್ಧ ಅಳಿಸಿದ ಹಾಗೆ ಕಾಣುತ್ತವೆ. ಲಕ್ಷದ್ವೀಪಕ್ಕೆ ಹೋಗುವ ಮಂಜಿ ಹಾಯಿದೋಣಿಗಳ ಕಂಬಗಳು ಮಾತ್ರ ಮಂಜಿನ ಮೇಲೆ ನಿಂತಿರುತ್ತವೆ, ಕೆಳಗೆ ದೋಣಿಯೇ ಇಲ್ಲವೇನೋ ಎನ್ನುವ ಹಾಗೆ. ಹಳ್ಳಿಯಿಂದ ಬಂದ ಮೇಲೆ ನಾನೂ ಹಾಗೆಯೇ ಇದ್ದೇನೆ. ಎದ್ದಿದ್ದೇನೆ, ಅಡಿಗೆ ಮಾಡುತ್ತೇನೆ, ಆದರೂ ಪೂರ್ತಿ ಎಚ್ಚರವಾಗಿಲ್ಲ ಅನಿಸುತ್ತದೆ. ಮನೆ ಎಲ್ಲಿ ಎಂದು ಗೊತ್ತಾಗುವವರೆಗೆ ಹೀಗೆಯೇ ಇರುತ್ತದೋ ಏನೋ.

ನೀವು ಹೇಳಿದ ಹಾಗೆ ಮನೆ ನೋಡಲು ಮೊದಲು ಫಳ್ನೀರಿಗೆ ಹೋದೆವು. ಆ ಬೀದಿಯಲ್ಲಿ ನಡೆಯುವಾಗ ನಿಮ್ಮ ಮಾತುಗಳೆಲ್ಲ ನೆನಪಾದವು. ಮದುವೆಯ ಹೊಸತರಲ್ಲಿ ಹೇಳಿದ್ದಿರಿ, ಚಿಕ್ಕಪ್ಪನ ಅಂಗಡಿಯಲ್ಲಿದ್ದಾಗ ಅಕ್ಕಿಮೂಟೆ ಹೊತ್ತು ಅಲ್ಲಿನ ಒಬ್ಬ ಡಾಕ್ಟರರ ಮನೆಗೆ ಹೋಗಿದ್ದಿರಂತೆ. ಗೇಟು ತೆಗೆಯುವವರೆಗೆ ಮೂಟೆ ಇಳಿಸದೆ ನಿಂತಿದ್ದಾಗ ಒಳಗೆ ಯಾರೋ ಮಕ್ಕಳಿಗೆ ಇಂಗ್ಲಿಷಿನಲ್ಲಿ ಓದಿ ಹೇಳುತ್ತಿದ್ದರಂತೆ. ನನಗೊಂದು ಮಗು ಆದರೆ ಈ ಬೀದಿಯಲ್ಲಿಯೇ ಬೆಳೆಯಬೇಕು ಎಂದು ಅಲ್ಲಿಯೇ ಅಂದುಕೊಂಡಿರಂತೆ. ಆ ಮಾತು ನಾನು ಮರೆತಿಲ್ಲ. ಅದಕ್ಕೇ ಫಳ್ನೀರನ್ನು ನಿಮ್ಮ ಕಣ್ಣಿನಿಂದ ನೋಡಲು ಪ್ರಯತ್ನಿಸಿದೆ. ಚಂದವೇ ಇದೆ. ಆಸ್ಪತ್ರೆ ಹತ್ತಿರ, ಶಾಲೆ ಹತ್ತಿರ, ಔಷಧದಂಗಡಿಗಳಲ್ಲಿ ಸಂಜೆ ಬಿಳಿ ಟ್ಯೂಬ್‌ಲೈಟು, ರಸ್ತೆ ಕೂಡ ಅಲ್ಲಿ ಸ್ವಲ್ಪ ಮೆಲ್ಲಗೆ ಮಾತಾಡುತ್ತದೆ.

ನೀವು ಬರೆದ ಕಟ್ಟಡ ನಾಲ್ಕು ಮಹಡಿ ಎದ್ದಿದೆ. ಲಿಫ್ಟಿಗೆಂದು ಬಿಟ್ಟ ಗುಂಡಿ ಇದೆ, ಲಿಫ್ಟ್ ಇನ್ನೂ ಬಂದಿಲ್ಲ. ಕಟ್ಟಿಸುವವರ ಕಡೆಯ ಚಿತ್ತರಂಜನ ಎಂಬವರು ಉಮ್ಮನ ಮೊಣಕಾಲು ನೋಡಿ ಪ್ರತಿ ಮಹಡಿಯಲ್ಲೂ ಒಂದು ಸ್ಟೂಲು ಇರಿಸಿದರು, ಒಳ್ಳೆಯ ಮನುಷ್ಯ. ಮೂರನೆಯ ಮಹಡಿಯಲ್ಲಿ ನಮಗೆಂದು ನೋಡಿದ ಫ್ಲಾಟಿಗೆ ಇನ್ನೂ ಬಾಗಿಲಿಲ್ಲ, ಕಿಟಕಿಗೆ ಚೌಕಟ್ಟಿಲ್ಲ. ಬೆಳಕು ನಾಲ್ಕೂ ಕಡೆಯಿಂದ ಕೇಳದೆ ಒಳಗೆ ಬರುತ್ತಿತ್ತು. ತೆಂಗಿನ ತಲೆಗಳ ಮೇಲಿಂದ ಸಮುದ್ರ ಒಂದು ಗೆರೆಯಷ್ಟು ಕಂಡಿತು. ಮೈಮೂನ ತನ್ನ ಹೆಸರನ್ನು ತಾನೇ ಕೂಗಿ, ಖಾಲಿ ಗೋಡೆ ಅದನ್ನು ವಾಪಸು ಹೇಳುವುದನ್ನು ಕೇಳಿ ನಗುತ್ತಿದ್ದಳು. ನಾನು ಒಂದೊಂದೇ ಕೋಣೆಯಲ್ಲಿ ನಿಂತು ನೋಡಿದೆ. ಇಲ್ಲಿ ಉಮ್ಮ ನಮಾಜು ಮಾಡುತ್ತಾರೆ, ಇಲ್ಲಿ ಮೈಮೂನ ಓದುತ್ತಾಳೆ, ಇಲ್ಲಿ ನಾನು ಮೀನು ಕೊಯ್ಯುತ್ತೇನೆ ಎಂದೆಲ್ಲ ಕಂಡಿತು. ನಿಮ್ಮನ್ನು ಎಲ್ಲಿ ಕೂರಿಸಲಿ ಎಂದು ಹುಡುಕಿದೆ. ಎಲ್ಲಿಯೂ ನೀವು ಕೂರಲಿಲ್ಲ. ಆಗಲೇ ಚಿತ್ತರಂಜನರು "ಯಜಮಾನರ ರೂಮ್ ಯಾವುದು ಮಾಡುವುದು?" ಎಂದು ಕೇಳಿದರು. ಉಮ್ಮ, "ಅವನು ಬಂದಾಗ ನೋಡುವ" ಎಂದು ಹೇಳಿ ಕಿಟಕಿಯ ಕಡೆ ತಿರುಗಿದರು. ಈ ಫ್ಲಾಟಿಗಾಗಿ ಇನ್ನೂ ಆರೇಳು ವರ್ಷ ದಮ್ಮಾಮಿನಲ್ಲಿ ಇರಬೇಕಾಗುತ್ತದೆ ಎಂದು ನೀವೇ ಬರೆದಿದ್ದಿರಲ್ಲ. ಅಷ್ಟು ಹೊತ್ತಿಗೆ ಮೈಮೂನ ಹೈಸ್ಕೂಲು ಸೇರಿರುತ್ತಾಳೆ.

ಆಮೇಲೆ ನನಗೊಂದು ಕನಸು ಬಿತ್ತು. ಇನ್ನೂ ಬಾರದ ಆ ಲಿಫ್ಟಿನಲ್ಲಿ ನಾನು ಹೋಗುತ್ತಿದ್ದೇನೆ. ಮೂರನೆಯ ಮಹಡಿ ದಾಟಿತು, ಮಾಡು ದಾಟಿತು, ಹತ್ತಿಯಂಥ ಮೋಡದ ನಡುವೆ ಮೇಲೆ ಮೇಲೆ ಹೋಯಿತು. ಬಾಗಿಲು ತೆರೆದರೆ ಮರಳು, ದೊಡ್ಡ ಬಿಸಿಲು, ದೂರದಲ್ಲಿ ನೀವು. ಕರೆದೆ. ಯಂತ್ರದ ಸದ್ದಿಗೆ ನಿಮಗೆ ಕೇಳಿಸಲಿಲ್ಲ. ಎದ್ದಾಗ ಕೆಳಗೆ ಮೆಣಸಿನ ಲಾರಿ ಬಂದಿತ್ತು. ನಕ್ಕುಬಿಡಿ, ಕನಸಿಗೆ ಅರ್ಥ ಹುಡುಕುವವಳು ನಾನಲ್ಲ.

ಬೋಳಾರದ ಮನೆಗೆ ಕರೆದುಕೊಂಡು ಹೋದದ್ದು ಚಿಕ್ಕಪ್ಪ. ಹಂಚಿನ ಮಾಡಿನ ಹಳೆಯ ಮನೆ, ಹಿತ್ತಿಲಿನಿಂದ ಇಳಿದರೆ ನೇತ್ರಾವತಿ. ಮನೆಯ ಒಡತಿ ಉಮಾವತಿ ಶೆಡ್ತಿಯವರು ಮಗನ ಜೊತೆ ಬೊಂಬಾಯಿಗೆ ಹೋಗುವವರಿದ್ದಾರೆ, ಅವರದು ಅಲ್ಲಿ ಹೋಟೆಲು. ಬೆಲ್ಲ, ನೀರು ಕೊಟ್ಟು, "ಬೇಸಗೆಯಲ್ಲೂ ಬಾವಿ ಇಳಿಯುವುದಿಲ್ಲ, ಕುಡಿದು ನೋಡಿ, ಆಮೇಲೆ ಮನೆ ನೋಡಿ" ಎಂದರು. ಉಮ್ಮ ಮನೆ ನೋಡಲೇ ಇಲ್ಲ. ನೇರ ನದಿಯ ಕಡವಿನ ಮೆಟ್ಟಿಲಿಗೆ ಹೋಗಿ, ಕಷ್ಟಪಟ್ಟು ಕುಳಿತು, ನೀರಿನಲ್ಲಿ ಕೈ ಇಟ್ಟರು. ಹಂಚು ತುಂಬಿದ ದೋಣಿಯೊಂದು ಮೆಲ್ಲಗೆ ಹೋಗುತ್ತಿತ್ತು. ಸಂಜೆಯಾಗುವಾಗ ಮಂಗಳಾದೇವಿಯ ಗಂಟೆ ಕೇಳಿಸಿತು, ನದಿಯಾಚೆ ಉಳ್ಳಾಲದ ಕಡೆ ದೀಪಗಳು ಒಂದೊಂದಾಗಿ ಹತ್ತಿದವು. ನೀರು ಅವನ್ನೆಲ್ಲ ಉದ್ದಕ್ಕೆ ಎಳೆದು ಎಳೆದು ನಮ್ಮ ಕಾಲಿನವರೆಗೆ ತಂದಿತು. "ಸಫಿಯಾ, ಇಲ್ಲಿ ಕೂತರೆ ನನಗೆ ಮತ್ತೆಂತದೂ ಬೇಡ" ಎಂದರು ಉಮ್ಮ. ಅವರು ಬೇಕು ಎಂದು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬೋಳಾರವೇ ಆಗಲಿ ಎಂದು ನಾನೂ ಅಂದುಕೊಂಡು ಬಂದೆ.

ಪಣಂಬೂರಿಗೆ ಹೋದದ್ದು ಮನೆ ನೋಡಲಿಕ್ಕೆ ಅಲ್ಲ. ಮೈಮೂನಳಿಗೆ ದೊಡ್ಡ ಹಡಗು ನೋಡಬೇಕಿತ್ತು. ಚಿಕ್ಕಪ್ಪನ ಗೋದಾಮಿನಲ್ಲಿ ಹಿಂದೆ ಲೆಕ್ಕ ಬರೆಯುತ್ತಿದ್ದ ವಾಲ್ಟರ್ ಎಂಬವರು ಈಗ ಹೊಸ ಬಂದರಿನಲ್ಲಿ ಕ್ರೇನ್ ಓಡಿಸುತ್ತಾರೆ. ಅವರ ಮನೆ ಹೈವೇಯಿಂದ ಒಳಗೆ, ಗಾಳಿಮರಗಳ ಹತ್ತಿರದ ಒಂದು ಓಣಿಯಲ್ಲಿ. ಚಿಕ್ಕಪ್ಪನ ಜೊತೆ ನಾವು ಹೋದಾಗ ಅವರು ಕೆಲಸದಲ್ಲಿದ್ದರು. ಹೆಂಡತಿ ಆನಿ, ಕ್ರಿಸ್‌ಮಸ್ಸಿನ ಡಬ್ಬಿಯ ತಳದಲ್ಲಿ ಉಳಿದ ಸಿಹಿ ಕಲ್‌ಕಲ್‌ಗಳನ್ನು ಮೈಮೂನಳ ಮಡಿಲಿಗೆ ಸುರಿದು, ನಮ್ಮನ್ನು ಬಯಲಿನ ದಿಬ್ಬಕ್ಕೆ ಕರೆದುಕೊಂಡು ಹೋದರು. ಅಲ್ಲಿಂದ ಹಡಗು ಕಂಡಿತು. ಅದರ ಮೇಲೆ ಆಕಾಶಕ್ಕೆ ಕತ್ತು ಚಾಚಿದ ಹಳದಿ ಕ್ರೇನು. "ಅದೋ, ಆ ಗಾಜಿನ ಗೂಡು ಉಂಟಲ್ಲ, ಅದರೊಳಗೆ ಇವರು" ಎಂದು ಆನಿ ಬೆರಳು ತೋರಿಸಿದರು.

ನಾನು ಎಷ್ಟು ಹೊತ್ತು ನೋಡುತ್ತ ನಿಂತೆನೋ ಗೊತ್ತಿಲ್ಲ. ಇಷ್ಟು ವರ್ಷ ನಾನು ಕ್ರೇನ್ ಎಂಬ ಶಬ್ದಕ್ಕೆ ದುಆ ಮಾಡಿದ್ದೇನೆ, ಅದನ್ನು ಕಂಡದ್ದು ಅಂದೇ. ಅಷ್ಟು ಎತ್ತರವೇ? ನೀವು ಒಮ್ಮೆಯೂ ಹೇಳಲಿಲ್ಲ. ಭಾರವೊಂದು ಹಡಗಿನ ಹೊಟ್ಟೆಯಿಂದ ಎದ್ದು, ಗಾಳಿಯಲ್ಲಿ ಸ್ವಲ್ಪ ಯೋಚಿಸಿ, ನಿದ್ದೆ ಹೋದ ಮಗುವನ್ನು ಮಲಗಿಸುವ ಹಾಗೆ ನೆಲ ಮುಟ್ಟುತ್ತಿತ್ತು. ಗಾಜಿನ ಗೂಡಿಗೆ ಬಿಸಿಲು ಬಿದ್ದು ಮಿಂಚಿತು. ಅದರೊಳಗೆ ನೀವು ಕುಳಿತಿರುವುದು ನನಗೆ ಸ್ಪಷ್ಟವಾಗಿ ಕಂಡಿತು, ಬೆನ್ನಿಗೆ ನೀವು ಬರೆದಿದ್ದ ಆ ನೀಲಿ ದಿಂಬು ಇಟ್ಟುಕೊಂಡು.

ವಾಪಸು ಬಂದು ಚಾ ಕುಡಿಯುತ್ತಿದ್ದಾಗ ಪಾಳಿ ಬಿಟ್ಟಿತು. ಓಣಿಯಲ್ಲಿ ಸೈಕಲ್ಲುಗಳ ಗಂಟೆ, ಚಪ್ಪಲಿಯ ಸದ್ದು. ಒಬ್ಬೊಬ್ಬರಾಗಿ ಗಂಡಸರು ಊಟದ ಡಬ್ಬಿ ಹಿಡಿದು ತಮ್ಮ ತಮ್ಮ ಗೇಟು ತೆರೆದು ಒಳಗೆ ಹೋದರು. ವಾಲ್ಟರ್ ಬಂದರು. ಜಗಲಿಯಲ್ಲಿ ಅವರ ಇಬ್ಬರು ಮಕ್ಕಳು ಗೋಲಿ ಆಡುತ್ತಿದ್ದರು. ಅವರು ತಲೆ ಎತ್ತಿ ನೋಡಲೂ ಇಲ್ಲ. ಅಪ್ಪ ಅವರನ್ನು ದಾಟಿ ಒಳಗೆ ಹೋಗಿ ಕೈಕಾಲು ತೊಳೆದು, ಬಾಳೆಹಣ್ಣು ಸುಲಿಯುತ್ತ ಹೊರಗೆ ಬಂದರು, ಅಷ್ಟೇ. ನೀವು ಬರುವುದೆಂದರೆ ನಮ್ಮಲ್ಲಿ ಟ್ಯಾಕ್ಸಿ, ಪೆಟ್ಟಿಗೆ, ಅತ್ತರು, ಅರ್ಧ ಊರು ಅಂಗಳದಲ್ಲಿ. ಯಾರೂ ತಿರುಗಿ ನೋಡದ ಹಾಗೆ ಒಬ್ಬ ಮನುಷ್ಯ ತನ್ನ ಮನೆಗೆ ಬರಬಹುದು ಎಂಬುದೇ ನನಗೆ ಮರೆತುಹೋಗಿತ್ತು. ಮೈಮೂನ ಆ ಮಕ್ಕಳನ್ನೇ ನೋಡುತ್ತಿದ್ದಳು. ಹೋದ ರಜೆಯಲ್ಲಿ ಅವಳು ನಿಮ್ಮ ತೊಡೆಯ ಮೇಲೆ ಕುಳಿತು "ನೀವು ನಿಮ್ಮ ಮನೆಗೆ ಯಾವಾಗ ಹೋಗುವುದು?" ಎಂದು ಕೇಳಿದ್ದು, ನೀವು ನಕ್ಕು, ಆಮೇಲೆ ಬಾವಿಯ ಹತ್ತಿರ ಹೋಗಿ ಬಹಳ ಹೊತ್ತು ನಿಂತದ್ದು ನನಗೆ ಗೊತ್ತು. ನಾನು ಅಡಿಗೆಮನೆಯ ಕಿಟಕಿಯಿಂದ ನೋಡಿದ್ದೆ.

ನಿಮ್ಮ ಕೆಲಸ ಏನೆಂದು ವಾಲ್ಟರ್ ಕೇಳಿದರು. ಚಿಕ್ಕಪ್ಪ ಹೇಳಿದರು. ವಾಲ್ಟರ್ ನಕ್ಕರು: "ಇಲ್ಲಿ ಜನ ಬೇಕು ಮಾರಾಯ್ರೆ. ಕ್ರೇನ್ ಗೊತ್ತಿದ್ದವರೆಲ್ಲ ಗಲ್ಫಿಗೆ ಹೋಗಿ ಆಯ್ತು. ಇಲ್ಲಿ ಕ್ರೇನು ಉಂಟು, ಕೂತುಕೊಳ್ಳುವವರು ಇಲ್ಲ." ಆಮೇಲೆ ಮಾತು ಬೇರೆ ಕಡೆ ಹೋಯಿತು. ಅವರ ಮನೆಯ ಹಿಂದೆಯೇ ಎರಡು ಕೋಣೆಯ ಒಂದು ಮನೆ ಖಾಲಿ ಇದೆ. ಆನಿ ಅಡಗಿಸದೆ ಹೇಳಿದರು, ಗಾಳಿ ತಿರುಗಿದರೆ ಅದಿರಿನ ಕಪ್ಪು ಧೂಳು ಒಗೆದ ಬಟ್ಟೆಯ ಮೇಲೆ ಕೂರುತ್ತದೆ, ಬಾವಿಯ ನೀರಿಗೂ ಸ್ವಲ್ಪ ಉಪ್ಪು. ದೊಡ್ಡ ಆಸ್ಪತ್ರೆಗೆ ಬಸ್ಸಿನಲ್ಲೇ ಬರಬೇಕು. ಉಮ್ಮ ಕೇಳಿದ್ದು ಒಂದೇ, "ಮಸೀದಿಯ ಬಾಂಗು ಕೇಳ್ತದಾ?" ಕೇಳುತ್ತದಂತೆ.

ಬರುವಾಗ ಬಸ್ಸು ಕೂಳೂರಿನ ಸೇತುವೆ ದಾಟುತ್ತಿತ್ತು. ಹೊಳೆಯ ಮೇಲೆ ಕೆಂಪು ಬೆಳಕು, ಮೈಮೂನ ನನ್ನ ತೋಳಿನಲ್ಲಿ ನಿದ್ದೆ. ನಾನು ಏನೂ ಹೇಳಿರಲಿಲ್ಲ. ಉಮ್ಮ ಹೊರಗೆ ನೋಡುತ್ತಲೇ ಹೇಳಿದರು: "ಧೂಳು ಅಲ್ವಾ, ಒರೆಸಿದರೆ ಹೋಗ್ತದೆ." ನಾನು "ಬೋಳಾರ?" ಎಂದೆ. "ನದಿ ಎಲ್ಲಿಗೂ ಹೋಗುವುದಿಲ್ಲ. ನೋಡಬೇಕು ಅನಿಸಿದರೆ ಅವನೇ ಕರ್ಕೊಂಡು ಹೋಗಲಿ ನನ್ನನ್ನು" ಎಂದರು.

ಊರಿನ ವಿಷಯ ಇಷ್ಟು. ಚಿಕ್ಕಪ್ಪ, ಚಿಕ್ಕಮ್ಮ ನಿಮಗೆ ಸಲಾಂ ಹೇಳಿದ್ದಾರೆ. ನಿಮ್ಮ ರೂಮಿನ ಬೂಬನವರಿಗೂ ನಮ್ಮ ಸಲಾಂ ತಿಳಿಸಿ. ಅವರ ಹೆಂಡತಿ ಹೆತ್ತು ಸುಖವಾಗಿದ್ದಾಳೆ, ಗಂಡು ಮಗು, ಮೊನ್ನೆ ನೋಡಿ ಬಂದೆ. ಉಮ್ಮ ನಿಮ್ಮ ತಲೆಯ ಮೇಲೆ ಕೈ ಇಟ್ಟ ಹಾಗೆ ಭಾವಿಸಿಕೊಳ್ಳಿ ಎನ್ನುತ್ತಾರೆ. ಅಲ್ಲಾಹು ನಿಮ್ಮನ್ನು ಆ ಎತ್ತರದಲ್ಲಿ ಕಾಯಲಿ.

ನಿಮ್ಮ
ಸಫಿಯಾ

ಮರೆತ ಮಾತು: ಚಿಕ್ಕಪ್ಪ ಅಂಚೆಗೆ ಹೊರಟು ಮೆಟ್ಟಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಇಂದು ಬೆಳಿಗ್ಗೆ ಚಿತ್ತರಂಜನರು ಉತ್ತರ ಕೇಳಲು ಬಂದಿದ್ದರು. ನಾನೇ ಕೆಳಗಿಳಿದು ಹೋಗಿ ಫ್ಲಾಟು ಬೇಡ ಎಂದು ಹೇಳಿದೆ. ಆನಿಯವರ ಮನೆಯ ಹಿಂದಿನ ಆ ಖಾಲಿ ಮನೆಗೆ ಹೂಂ ಎಂದಿದ್ದೇನೆ, ಮುಂದಿನ ತಿಂಗಳು ಹೋಗುತ್ತೇವೆ. ಮಳೆಗಾಲಕ್ಕೆ ಮೊದಲು ಹೊಸ ಬಂದರಿಗೆ ಕ್ರೇನಿನವರನ್ನು ತೆಗೆದುಕೊಳ್ಳುತ್ತಾರಂತೆ. ವಾಲ್ಟರ್ ಹತ್ತಿರ ನಿಮ್ಮ ಹೆಸರು ಹೇಳಿದ್ದೇನೆ. ಖಚಿತ ಎಂದು ಅವರು ಹೇಳಲಿಲ್ಲ, ಅಲ್ಲಿಯಷ್ಟು ಸಂಬಳವೂ ಇಲ್ಲಿಲ್ಲ. ಫಳ್ನೀರು ನಿಮಗೆ ಎಷ್ಟು ದೊಡ್ಡದು ಎಂದು ತಿಳಿದೇ ಬೇಡ ಎಂದೆ. ನಿಮಗೆ ಸಿಟ್ಟು ಬರುತ್ತದೆ. ಆ ಸಿಟ್ಟನ್ನು ಕಾಗದದಲ್ಲಿ ಕಳುಹಿಸಬೇಡಿ, ನೀವೇ ಇಲ್ಲಿಗೆ ತನ್ನಿ. ಬರುವ ಟಿಕೆಟು ಮಾತ್ರ ಮಾಡಿಸಿ.