ಭಾನುವಾರದ ಟಿಕೆಟ್

ಅಕ್ರಾ, ಘಾನಾ
ಭಾನುವಾರ, 3 ಸೆಪ್ಟೆಂಬರ್ 2000

ನನ್ನ ಮುದ್ದಿನ ಅಜ್ಜಿಗೆ,

ನಾನು ಕ್ಷೇಮ. ಅಷ್ಟೇ ಅಲ್ಲ, ಹೊಟ್ಟೆ ಬಿರಿಯುವಷ್ಟು ಉಂಡು ಕುಳಿತಿದ್ದೇನೆ. ಅಲ್ಲಿ ಅಮೆರಿಕದಲ್ಲಿ, ನಮ್ಮ ಓಲ್ಡ್ ಬ್ರಿಡ್ಜ್ ಊರಿನ ಮನೆಯಲ್ಲಿ ನೀನು ಹಿಡಿದು ಕೂರಿಸಿ ಕಲಿಸಿದ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ಒತ್ತಕ್ಷರ ತಪ್ಪಿದ್ದರೆ ಅಪ್ಪನಿಗೆ ತೋರಿಸಬೇಡ.

ಬುಧವಾರ ನಾನು ಫೋನಿನಲ್ಲಿ ಅತ್ತಿದ್ದು ನಿನಗೂ ಕೇಳಿಸಿರಬೇಕು. ಕಂಪ್ಯೂಟರ್ ಸೈನ್ಸ್ ಬಿಟ್ಟು ಆಫ್ರಿಕಾದ ಇತಿಹಾಸ ಓದುತ್ತೇನೆ, ಒಂದು ಸೆಮಿಸ್ಟರ್ ಅಲ್ಲೇ ಇರುತ್ತೇನೆ ಎಂದು ಮನೆಯವರೆಲ್ಲರ ಜೊತೆ ಜಗಳವಾಡಿ ಬಂದವಳು, ವಾರ ತುಂಬುವ ಮೊದಲೇ ಆಗುವುದಿಲ್ಲ ಎಂದುಬಿಟ್ಟೆ. ಅಪ್ಪ ಬೈಯಲೂ ಇಲ್ಲ. "ಭಾನುವಾರದ ಫ್ಲೈಟ್‌ಗೆ ಟಿಕೆಟ್ ಬುಕ್ ಮಾಡ್ತೀನಿ, ಬಂದ್ಬಿಡು ಮರಿ" ಎಂದರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ವಾಪಸ್ ಬಂದರೆ ಮತ್ತೆ ಕಂಪ್ಯೂಟರ್ ಕ್ಲಾಸು; ಆಫ್ರಿಕಾದ ಹೆಸರನ್ನೂ ಎತ್ತುವ ಹಾಗಿಲ್ಲ.

ನಿಜ ಹೇಳಲಾ? ನಾನು ಸೋತಿದ್ದು ಹಸಿವಿಗೆ. ನಾನಿರುವ ಮನೆಯ ಯಜಮಾನಿ ಆಂಟಿ ಅಕೋಸುವಾ. ಇಲ್ಲೂ ಹಿರಿಯ ಹೆಂಗಸರೆಲ್ಲ ಆಂಟಿಯೇ! ಅಮೆರಿಕದ ಹುಡುಗಿ ಎಂದು ನನಗೊಬ್ಬಳಿಗೇ ಒಳಗೆ ಮೇಜು, ಫೋರ್ಕು, ಚಾಕು ಇಟ್ಟರು. ಬಟ್ಟಲಿನಲ್ಲಿ ಫುಫು ಎಂಬ ಬೆಳ್ಳನೆಯ ಉಂಡೆ. ಫೋರ್ಕಿನಲ್ಲಿ ಕಿತ್ತು ಬಾಯಿಗಿಟ್ಟೆ. ಅಗಿದೆ, ಅಗಿದೆ, ಒಳಗೆ ಹೋಗಲೇ ಇಲ್ಲ. ನನ್ನ ಮುಖ ನೋಡಿದ ಆಂಟಿ ಬಟ್ಟಲು ಎತ್ತಿಕೊಂಡು ಹೋಗಿ ಬ್ರೆಡ್ ತಂದಿಟ್ಟರು. ಅಂದಿನಿಂದ ಮೂರು ಹೊತ್ತೂ ಬ್ರೆಡ್ಡೇ. ಬೇಡ ಎನ್ನಲು ಸಂಕೋಚ.

ನಿನ್ನೆ ಅವರ ನೆಂಟರು ಬಂದಿದ್ದರು. ಹಿತ್ತಲಲ್ಲಿ ಬೇಯಿಸಿದ ಮರಗೆಣಸು, ಬಾಳೆಕಾಯಿಯನ್ನು ಒಬ್ಬರು ಒನಕೆಯಲ್ಲಿ ಕುಟ್ಟುತ್ತಿದ್ದರು, ಆಂಟಿ ಕೈ ಒದ್ದೆ ಮಾಡಿಕೊಂಡು ಒರಳಿನಲ್ಲಿ ತಿರುವಿ ಹಾಕುತ್ತಿದ್ದರು. ಆಮೇಲೆ ಎಲ್ಲರೂ ಕೈ ತೊಳೆದು ಕುಳಿತು, ಬಲಗೈಯಲ್ಲಿ ಫುಫು ಮುರಿದು, ಕಡಲೆಕಾಯಿ ಸಾರಿನಲ್ಲಿ ಹೊರಳಿಸಿ, ಗುಳುಂ! ಒಬ್ಬರೂ ಅಗಿಯಲಿಲ್ಲ ಅಜ್ಜಿ! ಮಂಡ್ಯದವಳ ಮೊಮ್ಮಗಳಾಗಿ ನಾನು ಮುದ್ದೆಯನ್ನು ಫೋರ್ಕಿನಲ್ಲಿ ತಿಂದಿದ್ದೆ. ನೀನಿದ್ದಿದ್ದರೆ ಸೌಟಿನಲ್ಲೇ ಬಾರಿಸುತ್ತಿದ್ದೆ.

ಕೈ ತೊಳೆದು ಹೋಗಿ ಅವರ ನಡುವೆ ಕುಳಿತೆ. ಮುರಿದೆ, ಅದ್ದಿದೆ, ನುಂಗಿದೆ. ಎರಡನೇ ತುತ್ತಿಗೆ ಆಂಟಿ ತೊಡೆ ತಟ್ಟಿಕೊಂಡು ನಕ್ಕು, ಇದನ್ನು ಯಾರು ಕಲಿಸಿದರು ಎಂದು ಕೇಳಿದರು. ನಮ್ಮಜ್ಜಿ ಎಂದೆ. ಹಾಗಾದರೆ ನಿಮ್ಮಜ್ಜಿ ಈ ಕಡೆಯವರೇ ಇರಬೇಕು ಎಂದು ಅಲ್ಲಿದ್ದ ಮುದುಕರೊಬ್ಬರು ತೀರ್ಪು ಕೊಟ್ಟರು. ನನಗೆ ಹೆಮ್ಮೆಯಿಂದ ಕಣ್ಣು ತುಂಬಿತು, ಸಾರಿನ ಖಾರವೂ ಸ್ವಲ್ಪ ಸೇರಿತ್ತು. ಸಂಜೆ ನೆಂಟರ ಹುಡುಗಿಯರ ಜೊತೆ ಟ್ರೋಟ್ರೋ ಎಂಬ ಕಿಕ್ಕಿರಿದ ವ್ಯಾನ್ ಹತ್ತಿ ಮಾರ್ಕೆಟ್‌ಗೆ ಹೋಗಿ, ಚೌಕಾಸಿ ಮಾಡಿ ನಿನಗೊಂದು ಹೂವಿನ ಬಟ್ಟೆ ತಂದೆ. ಇವತ್ತು ಕುಟ್ಟುವ ಸರದಿ ನನಗೂ ಸಿಕ್ಕಿತು. ನಾಳೆ ಮೊದಲ ಕ್ಲಾಸು. ಡಿಸೆಂಬರ್‌ವರೆಗೆ ನಾನು ಬರುವುದಿಲ್ಲ!

ನಿನ್ನ ಮೊಂಡು ಮೊಮ್ಮಗಳು,
ಮಂಜರಿ

ಬರೆಯಲು ಮರೆತೆ: ನಿನ್ನೆ ಮಾರ್ಕೆಟ್‌ನಿಂದಲೇ ಅಪ್ಪನಿಗೆ ಫೋನ್ ಮಾಡಿ ಟಿಕೆಟ್ ಕ್ಯಾನ್ಸಲ್ ಮಾಡಿ ಎಂದೆ. "ಬುಕ್ ಮಾಡಿದ್ರೆ ತಾನೇ ಕ್ಯಾನ್ಸಲ್ ಮಾಡೋಕೆ! ಬುಧವಾರದಿಂದ ನಿಮ್ಮಜ್ಜಿ ನನ್ನ ಕ್ರೆಡಿಟ್ ಕಾರ್ಡ್ ಕಿತ್ಕೊಂಡು ಸೊಂಟಕ್ಕೆ ಸಿಗಿಸ್ಕೊಂಡವ್ಳೆ" ಎಂದರು. ಏರ್‌ಪೋರ್ಟಿನಲ್ಲಿ "ಹೋಗ್ಬ್ಯಾಡ ಕಣವ್ವ" ಎಂದು ಅಷ್ಟು ಅತ್ತವಳು ನೀನೇ ತಾನೇ? ಈಗಲಾದರೂ ಕಾರ್ಡ್ ಕೊಟ್ಟುಬಿಡು ಅಜ್ಜಿ, ಅಪ್ಪ ಕಾರಿಗೆ ಗ್ಯಾಸ್ ಹಾಕಿಸಬೇಕಂತೆ.