ಅವಳ ವಿಡಿಯೊ, ನನ್ನ ಪಾಠ

ಜೂನ್ 18
ಮತ್ತೆ ಅವಳ ಪಾಠದ ರೆಕಾರ್ಡಿಂಗ್. ಕೋಣೆ ಅವಳಿಗೆ, ಮೆಟ್ಟಿಲು ನನಗೆ. ಕೆಮ್ಮಿದರೆ ಒಳಗಿಂದ "ರೀ, ಸ್ವಲ್ಪ ಸುಮ್ನಿರಿ!" ಇಬ್ಬರೂ ಪಾಠ ಮಾಡೋದು ಒಂದೇ ಹೈಸ್ಕೂಲಲ್ಲಿ, ಒಂದೇ ಹತ್ತನೇ ಕ್ಲಾಸಿಗೆ. ಅವಳದು ಕೆಮಿಸ್ಟ್ರಿ, ನನ್ನದು ಫಿಸಿಕ್ಸ್. ವಿಡಿಯೊ ಪಾಠದ ಟ್ರೇನಿಂಗಿಗೆ ಕಳಿಸಿದ್ದು ಅವಳನ್ನು ಮಾತ್ರ. ಈಗ ಮಕ್ಕಳ ಬಾಯಲ್ಲಿ ಬರೀ ಮೇಡಂ ವಿಡಿಯೊ. ಹೊಟ್ಟೆ ಉರಿಯುತ್ತೆ. ಹೌದು, ಸ್ವಂತ ಹೆಂಡತಿ ಮೇಲೇ.

ಜೂನ್ 25
ಅವಳ ಪಾಠದ ಮಧ್ಯೆ ಕರೆಂಟ್ ಹೋಯ್ತು. ಪ್ರೊಜೆಕ್ಟರ್ ಗಪ್‌ಚಿಪ್. ಪಕ್ಕದ ರೂಮಿನಲ್ಲಿ ನಾನು ದನಿ ಏರಿಸಿ ಪಾಠ ಮಾಡಿದೆ, ಬೇಕಂತಲೇ. ಮೊನ್ನೆ ನೆಟ್‌ವರ್ಕ್ ಕೈಕೊಟ್ಟಾಗಲೂ ಇಷ್ಟೇ ಖುಷಿಯಾಗಿತ್ತು.

ಜುಲೈ 6
ಹೆಡ್‌ಮಾಸ್ಟರಿಗೆ ಬೆಳಕಿನ ಪಾಠವೂ ವಿಡಿಯೊ ಆಗಬೇಕಂತೆ. "ನೀವು ಮಾಡ್ತೀರೋ, ಮೇಡಂಗೇ ಹೇಳ್ಲೋ?" ನಾನೇ ಅಂದೆ. ಲ್ಯಾಬಿನಲ್ಲಿ ಒಬ್ಬನೇ, ಫೋನನ್ನು ಸ್ಟ್ಯಾಂಡಿಗೆ ಒರಗಿಸಿ ಮಾಡಿದೆ. ನೋಡಿದರೆ... ಉದ್ದಕ್ಕೂ ನನ್ನ ಬೆನ್ನು! ಬೋರ್ಡಿಗೇ ಪಾಠ ಹೇಳಿದ್ದೇನೆ. ಬರೆದದ್ದಕ್ಕೆಲ್ಲ ನಾನೇ ಅಡ್ಡ. ಇಷ್ಟು ವರ್ಷ ಮಕ್ಕಳು ನೋಡಿದ್ದು ಇದನ್ನೇ ಏನು? ಡಿಲೀಟ್. ಮೇಡಂ ಮಾಡಲಿ, ನನಗೆ ಪೇಪರ್ ತಿದ್ದೋದಿದೆ ಅಂದುಬಿಟ್ಟೆ.

ಜುಲೈ 14
ಅವಳೇ ಬಂದು ಲ್ಯಾಪ್‌ಟಾಪ್ ಮುಂದಿಟ್ಟಳು. ನಿಮ್ನ ದರ್ಪಣದ ಚಿತ್ರ. ಅಕ್ಷಕ್ಕೆ ಸಮಾಂತರವಾಗಿ ಬಂದ ಕಿರಣ ಕನ್ನಡಿಗೆ ಬಡಿದು ಸಂಗಮ ಬಿಂದುವಿನಲ್ಲಿ ಹಾಯಬೇಕು. ಅವಳು ವಕ್ರತಾ ಕೇಂದ್ರದಲ್ಲಿ ಹಾಯಿಸಿದ್ದಾಳೆ. ಶುದ್ಧ ತಪ್ಪು.
"ರೀ, ಇದು ನಿಮ್ಮ ಸಬ್ಜೆಕ್ಟು. ನಂಗೆ ಧೈರ್ಯ ಇಲ್ಲ. ನೋಡಿ ಹೇಳಿ, ಆಮೇಲೆ ಕಳಿಸ್ತೀನಿ."
"ಸರಿ ಇದೆ" ಅಂದೆ.
ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಜುಲೈ 16, ಸಂಜೆ
ಇವತ್ತು ಕ್ಲಾಸಿನಲ್ಲಿ ಆ ವಿಡಿಯೊ. ಕರೆಂಟ್ ಇತ್ತು. ಹಾಳಾದ್ದು, ನೆಟ್‌ವರ್ಕೂ ಇತ್ತು. ಹಿಂದಿನ ಬೆಂಚಿನಲ್ಲಿ ನಾನು, ಹೆಡ್‌ಮಾಸ್ಟರು. ಅವರು ಭಾಷೆಯ ಮೇಷ್ಟ್ರು, ಕಿರಣ ಎಲ್ಲಿ ಹೋದರೂ ತಲೆದೂಗುವವರು. ಕೊನೆಗೆ ಪರದೆ ಮೇಲೆ ಅವಳು ನಕ್ಕಳು. "ಈ ಚಿತ್ರ ನಿಮ್ಮ ಫಿಸಿಕ್ಸ್ ಸರ್ ನೋಡಿದಾರೆ. ಅವರು ಸರಿ ಅಂದ್ಮೇಲೆ ಕಣ್ಮುಚ್ಚಿ ಬರ್ಕೊಳ್ಳಿ." ಈ ಮಾತು ಆಮೇಲೆ ಸೇರಿಸಿದ್ದಾಳೆ. ನನಗೆ ಹೇಳೇ ಇರಲಿಲ್ಲ.
ಮುಂದಿನ ಬೆಂಚಿನ ಹುಡುಗಿ ಎದ್ದಳು. "ಸರ್, ಪುಸ್ತಕದಲ್ಲಿ ಬೇರೆ ಥರ ಇದೆ. ಯಾವ್ದು ಸರಿ?"
ಎಲ್ಲರೂ ನನ್ನ ಕಡೆ ತಿರುಗಿದರು. ಬಾಗಿಲಲ್ಲಿ ನಿಂತಿದ್ದ ಅವಳೂ. ಅವಳ ಮುಖದಲ್ಲಿ ಎಂಥ ನಂಬಿಕೆ...
"ಪುಸ್ತಕದಲ್ಲಿ ಪ್ರಿಂಟಿಂಗ್ ಮಿಸ್ಟೇಕು" ಅಂದೆ.
ಮಕ್ಕಳು ಪುಸ್ತಕದ ಚಿತ್ರಕ್ಕೆ ಗೀಟು ಹೊಡೆದರು. ಇಡೀ ಕ್ಲಾಸು.
ಈಗ ಅವಳು ಕೋಣೆಯಲ್ಲಿದ್ದಾಳೆ. ಲ್ಯಾಬಿನ ದರ್ಪಣ ತಂದಿದ್ದಾಳೆ, ಟಾರ್ಚ್ ಹಿಡಿದು ಬೆಳಕು ಬಿಡ್ತಿದ್ದಾಳೆ. ಪಕ್ಕದಲ್ಲಿ ಪುಸ್ತಕ. ಟಾರ್ಚ್ ಆರಿತು. ಮತ್ತೆ ಹೊತ್ತಿತು. ಆರಿತು.
"ರೀ... ಸ್ವಲ್ಪ ಬನ್ನಿ ಇಲ್ಲಿ."
ಏನಂತ ಹೇಳಲಿ?