ಪಟ್ಟಿಯಿಂದ ಬಚ್ಚಿಟ್ಟ ಪ್ರತಿ

ತಾಂತ್ರಿಕ ಸಮಿತಿಯ ಮಾನ್ಯ ಅಧ್ಯಕ್ಷರೇ,

ಹನ್ನೊಂದು ವರ್ಷದಿಂದ ನಾನು ಬರೆದುಕೊಂಡು ಬಂದ ಪಟ್ಟಿಯನ್ನು ನೀವು ನನಗೆ ತಿಳಿಯದ ಹಾಗೆ ಸುಳ್ಳು ಮಾಡಿದಿರಿ. ಅದನ್ನು ನಂಬಿ ನಾನು ಒಂದು ಮನೆಯವರಿಗೆ ಮಾತು ಕೊಟ್ಟೆ. ಈಗ ಆ ಮನೆಗೆ ಬೀಗ ಬಿದ್ದಿದೆ. ಸಮಿತಿಗೆ ಮೂರು ಸಲ ಬರೆದೆ. ಮೂರು ಸಲವೂ ‘ಪ್ರಕ್ರಿಯೆಯಲ್ಲಿ ಉಂಟಾದ ಅಂತರಕ್ಕೆ ವಿಷಾದಿಸುತ್ತೇವೆ’ ಎಂಬ ಒಂದೇ ಸಾಲು ಬಂತು. ಅದಕ್ಕೇ ಈ ಸಲ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ನಿಮಗೆ ಗೊತ್ತಿರುವುದನ್ನೇ ಉಳಿದ ಓದುಗರಿಗಾಗಿ ಹೇಳಬೇಕಾಗಿದೆ. ಕಂಪ್ಯೂಟರನ್ನು ನಡೆಸುವ ಒಂದು ಸಿಸ್ಟಂ ಅನ್ನು ನಾವು ಕೆಲವರು ಸೇರಿ ಕಟ್ಟಿ, ಬೇಕಾದವರಿಗೆಲ್ಲ ಬಿಟ್ಟಿ ಹಂಚುತ್ತೇವೆ. ಒಂದು ಕಂಪ್ಯೂಟರಿನಲ್ಲಿ ಹತ್ತು ಪ್ರೋಗ್ರಾಂಗಳು ಚಿತ್ರ ತೆರೆಯಬೇಕೆನ್ನಿ. ಹತ್ತೂ ಆ ಕೆಲಸವನ್ನು ಬೇರೆಬೇರೆ ಕಲಿಯುವುದಿಲ್ಲ. ಚಿತ್ರ ತೆರೆಯುವ ಒಂದು ‘ಲೈಬ್ರರಿ’ಯನ್ನು, ಅಂದರೆ ಆ ಕೆಲಸಕ್ಕೆಂದೇ ಬರೆದಿಟ್ಟ ಕೋಡನ್ನು, ಕಂಪ್ಯೂಟರಿನಲ್ಲಿ ಒಮ್ಮೆ ಇಟ್ಟರೆ ಹತ್ತೂ ಅದನ್ನೇ ಹಂಚಿಕೊಳ್ಳುತ್ತವೆ. ನಾಳೆ ಆ ಲೈಬ್ರರಿಯಲ್ಲಿ ಕಳ್ಳರು ನುಗ್ಗುವಂಥ ತೂತು ಕಂಡರೆ ಒಂದೇ ಕಡೆ ಮುಚ್ಚಿದರಾಯಿತು, ಹತ್ತೂ ಸುರಕ್ಷಿತ. ಆದರೆ ಯಾವುದೋ ಪ್ರೋಗ್ರಾಂ ತನ್ನ ಹೊಟ್ಟೆಯೊಳಗೆ ಅದರ ಖಾಸಗಿ ಪ್ರತಿಯೊಂದನ್ನು ಇಟ್ಟುಕೊಂಡು ಬಂದರೆ? ಹೊರಗಿನದನ್ನು ಎಷ್ಟು ರಿಪೇರಿ ಮಾಡಿದರೂ ಒಳಗಿನ ತೂತು ಹಾಗೇ ಉಳಿಯುತ್ತದೆ. ಅದಕ್ಕೇ ನಮ್ಮಲ್ಲೊಂದು ನಿಯಮವಿತ್ತು: ಖಾಸಗಿ ಪ್ರತಿ ತರುವ ಪ್ರೋಗ್ರಾಂನ ಹೆಸರು ಪಟ್ಟಿಗೆ ಸೇರಲೇಬೇಕು. ಆ ಪಟ್ಟಿಯನ್ನು ಬರೆಯುತ್ತಿದ್ದವಳು ನಾನು. ನೀವೆಲ್ಲರೂ ನನ್ನಂತೆಯೇ ಸ್ವಯಂಸೇವಕರು, ಹಾಗಾಗಿ ಇದನ್ನು ಉಪಕಾರವೆಂದು ಹೇಳಿಕೊಳ್ಳುತ್ತಿಲ್ಲ.

ನನ್ನ ಜೊತೆ ಓದಿದ ಗೋಡೆಲೀವ ಬೆಲ್ಜಿಯಮ್ಮಿನ ಇದೇ ಗೆಂಟ್ ನಗರದಲ್ಲಿ, ಗಂಡಂದಿರ ಹೊಡೆತ ತಾಳಲಾರದೆ ಓಡಿಬಂದ ಹೆಂಗಸರಿಗೆ ಒಂದು ಮನೆ ನಡೆಸುತ್ತಿದ್ದಳು. ಹದಿನೇಳು ವರ್ಷ ಅದರ ವಿಳಾಸ ಗುಟ್ಟಾಗಿತ್ತು. ಬಾಗಿಲಿಗೆ ಹೆಸರಿಲ್ಲ, ಕರೆಗಂಟೆಗೂ ಹೆಸರಿಲ್ಲ. ಅಲ್ಲಿದ್ದ ಹೆಂಗಸರ ಹೆಸರು ನನಗೂ ಗೊತ್ತಿಲ್ಲ. ಅಲ್ಲಿನ ಕಂಪ್ಯೂಟರಿಗೆ ನಮ್ಮ ಸಿಸ್ಟಂ ಹಾಕಿಕೊಟ್ಟವಳು ಮಾತ್ರ ನಾನೇ. ಕಳೆದ ಮಾರ್ಚಿನಲ್ಲಿ ಚಿತ್ರದ ಲೈಬ್ರರಿಯ ತೂತಿನ ಸುದ್ದಿ ಬಂದಾಗ ಗೋಡೆಲೀವ ಇಮೇಲಿನ ಜೊತೆ ಬರುವ ಚಿತ್ರಗಳಿಗೆ ಹೆದರಿ ಎರಡು ದಿನ ಇಮೇಲ್ ತೆರೆಯಲಿಲ್ಲ. ನಾನು ಸೈಕಲ್ ಹತ್ತಿ ಹೋಗಿ ಲೈಬ್ರರಿ ಸರಿಮಾಡಿದೆ. ಇಮೇಲ್ ಪ್ರೋಗ್ರಾಂ ಪಟ್ಟಿಯಲ್ಲಿದೆಯೇ ಎಂದು ನೋಡಿದೆ. ಇರಲಿಲ್ಲ. ಹಾಗಾದರೆ ಅದರೊಳಗೆ ಖಾಸಗಿ ಪ್ರತಿ ಇಲ್ಲ ಎಂದುಕೊಂಡು ಅವಳಿಗೆ ಹೇಳಿದ ಮಾತು ಇದು: “ಸರಿಹೋಯ್ತು ಕಣೇ. ಇನ್ನು ಎಲ್ಲಾ ತೆರಿ, ಏನೂ ಆಗಲ್ಲ.”

ಕಂಪ್ಯೂಟರಿಗೆ ಒಂದು ಆಜ್ಞೆ ಕೊಟ್ಟಿದ್ದರೆ ಆ ಪ್ರೋಗ್ರಾಂನ ಹೊಟ್ಟೆಯಲ್ಲಿ ಏನಿದೆ ಎಂದು ಕಣ್ಣಾರೆ ಕಾಣುತ್ತಿತ್ತು. ನಾನು ಕೊಡಲಿಲ್ಲ. ನಾನೇ ಬರೆದ ಪಟ್ಟಿಯಿರುವಾಗ ಮತ್ತೆ ನೋಡುವುದೇನು ಎಂಬ ಸೊಕ್ಕು ನನಗಿತ್ತು. ಆ ತಪ್ಪು ನನ್ನದು, ನಿಮ್ಮ ತಲೆಗೆ ಕಟ್ಟುವುದಿಲ್ಲ.

ಇಮೇಲಿನಲ್ಲಿ ಬಂದ ಒಂದು ಚಿತ್ರ ತೆರೆದದ್ದೇ ಕಳ್ಳರು ಒಳನುಗ್ಗಿದರು; ವಾರದೊಳಗೆ ಆ ಮನೆಯ ಪತ್ರಗಳೆಲ್ಲ ಅಂತರ್ಜಾಲದಲ್ಲಿ ಹರಡಿದ್ದವು, ವಿಳಾಸದ ಸಮೇತ. ಒಂದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಎದುರಿನ ಟ್ರಾಮ್ ನಿಲ್ದಾಣಕ್ಕೆ ಒಬ್ಬ ಗಂಡಸು ಬಂದು ನಿಂತ. ಮೂರು ಟ್ರಾಮ್ ಬಂದು ಹೋದರೂ ಹತ್ತಲಿಲ್ಲ. ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದ ಹೆಂಗಸೊಬ್ಬಳು ಕಿಟಕಿಯಿಂದ ನೋಡಿ ಅವನು ತನ್ನ ಗಂಡನೆಂದು ಗುರುತಿಸಿದಳು. ಬೇಕರಿಯಲ್ಲಿ ಅವಳಿಗೆ ಕೆಲಸ ಸಿಕ್ಕಿ ಒಂಬತ್ತು ದಿನವಾಗಿತ್ತು. ಪೊಲೀಸರು ಬರುವಷ್ಟರಲ್ಲಿ ಅವಳು ಹಿಂಬಾಗಿಲಿನಿಂದ ಹೊರಟಾಗಿತ್ತು. ಸಂಜೆಯೊಳಗೆ ಉಳಿದ ಐವರನ್ನೂ ಬೇರೆಬೇರೆ ಊರಿಗೆ ಕಳಿಸಿದರು. ಮಾರನೆಯ ದಿನ ನಾನು ಹೋದಾಗ ಗೋಡೆಲೀವ ಹಾಸಿಗೆಯ ಹೊದಿಕೆಗಳನ್ನು ಮಡಚುತ್ತಿದ್ದಳು. ಬೈಯುತ್ತಾಳೆಂದು ಕಾದೆ. ಅವಳು ತಲೆಯೆತ್ತದೆ ಅಂದಳು, “ನೀನು ಸರಿಹೋಯ್ತು ಅಂದೆಯಲ್ಲಾ, ಅದಕ್ಕೇ ನಾನು ಇನ್ನೊಬ್ಬರನ್ನ ಕೇಳ್ಲಿಲ್ಲ.”

ಅವತ್ತೇ ಆ ಪ್ರೋಗ್ರಾಂ ಬಿಚ್ಚಿ ನೋಡಿದೆ. ಒಳಗೆ ಹಳೆಯ ಪ್ರತಿ ತೂತಿನ ಸಮೇತ ಕುಳಿತಿತ್ತು. ಪಟ್ಟಿಗೆ ಸೇರಿಸದೆ ಇದನ್ನು ಯಾರು ಒಳಗೆ ಬಿಟ್ಟರು ಎಂದು ಹುಡುಕುತ್ತಾ ಹೋದರೆ ನಿಮ್ಮ ಸಮಿತಿಯ ನಡಾವಳಿ ಸಿಕ್ಕಿತು, ಅಧ್ಯಕ್ಷರೇ. ಕಳೆದ ಅಕ್ಟೋಬರಿನದು. ಪ್ರೋಗ್ರಾಂ ಬೇಗ ಬಿಡುಗಡೆಯಾಗಲೆಂದು ಪಟ್ಟಿಯ ನಿಯಮದಿಂದ ‘ತಾತ್ಕಾಲಿಕ ವಿನಾಯಿತಿ’. ಅದರ ಕೆಳಗೆ: ‘ಪಟ್ಟಿಯ ನಿರ್ವಾಹಕರಿಗೆ ಸದ್ಯ ತಿಳಿಸುವುದು ಬೇಡ; ಚರ್ಚೆ ಲಂಬಿಸುತ್ತದೆ.’ ನನ್ನನ್ನು ಎಷ್ಟು ಚೆನ್ನಾಗಿ ಅರ್ಥಮಾಡಿಕೊಂಡಿದ್ದೀರಿ. ಖಂಡಿತ ಲಂಬಿಸುತ್ತಿತ್ತು. ನಾನು ಹಟ ಹಿಡಿಯುತ್ತಿದ್ದೆ, ಬಿಡುಗಡೆ ಮೂರು ವಾರ ತಡವಾಗುತ್ತಿತ್ತು, ನಿಮಗೆ ತಲೆನೋವಾಗುತ್ತಿತ್ತು. ಆರು ಹೆಂಗಸರು ಇದ್ದಲ್ಲೇ ಇರುತ್ತಿದ್ದರು.

ಫೆಬ್ರವರಿಯಲ್ಲಿ ಆಂಟ್‌ವರ್ಪಿನ ವಾರ್ಷಿಕ ಸಭೆಯಲ್ಲಿ ನೀವು ನನ್ನ ಪಕ್ಕದಲ್ಲೇ ಕುಳಿತು ಆಲೂಗಡ್ಡೆ ಫ್ರೈಸ್ ತಿಂದಿರಿ. “ನಿಮ್ಮ ಪಟ್ಟಿ ಇರೋ ತನಕ ನಾವೆಲ್ಲ ಆರಾಮಾಗಿ ನಿದ್ದೆ ಮಾಡ್ಬಹುದು ಬಿಡಿ” ಎಂದು ನಕ್ಕಿರಿ. ನಾನು ಹಿಗ್ಗಿಹೋದೆ. ಆಗ ವಿನಾಯಿತಿಗೆ ನಾಲ್ಕು ತಿಂಗಳಾಗಿತ್ತು. ಆ ಮಾತು ಆಡುವಾಗ ನಿಮ್ಮ ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲವೇ? ಹೊಟ್ಟೆ ಉರಿಯುವುದು ನಿಯಮ ಮುರಿದದ್ದಕ್ಕಲ್ಲ, ಈ ನಗುವಿಗೆ.

ಈಗ ನಿಮ್ಮ ಹೊಸ ಪ್ರಸ್ತಾವ ಬಂದಿದೆ. ಮಾರ್ಚಿನ ಘಟನೆಯಿಂದ ‘ಪಟ್ಟಿ ವಿಶ್ವಾಸಾರ್ಹವಲ್ಲವೆಂದು ಸಾಬೀತಾಗಿದೆ’ಯಂತೆ, ಆದ್ದರಿಂದ ಪಟ್ಟಿಯನ್ನೇ ಮುಚ್ಚಿ ಎಲ್ಲ ಪ್ರೋಗ್ರಾಂಗಳಿಗೂ ಖಾಸಗಿ ಪ್ರತಿ ತರಲು ಬಿಡುವುದಂತೆ. ಕಣ್ಣಿಗೆ ಮಣ್ಣೆರಚಿದವರೇ ‘ಇವಳಿಗೆ ಕಣ್ಣು ಕಾಣುವುದಿಲ್ಲ’ ಎಂದು ತೀರ್ಪು ಕೊಟ್ಟ ಹಾಗಾಯಿತು.

ಮುಚ್ಚುವುದಾದರೆ ಮುಚ್ಚಿ, ನಿಮಗೆ ಬಹುಮತವಿದೆ. ಅದಕ್ಕೆ ಮೊದಲು ಆ ಇಮೇಲ್ ಪ್ರೋಗ್ರಾಂನ ಹೆಸರು, ವಿನಾಯಿತಿ ಕೊಟ್ಟ ತಾರೀಖು, ಯಾರಿಂದ ಮುಚ್ಚಿಟ್ಟಿರಿ ಎಂಬುದನ್ನು ನಿಮ್ಮ ಕೈಯಾರೆ ಪಟ್ಟಿಯಲ್ಲಿ ಬರೆದು ಸಹಿ ಹಾಕಿ. ಇನ್ನೆಷ್ಟು ಪ್ರೋಗ್ರಾಂಗಳಿಗೆ ಹೀಗೆ ಗುಟ್ಟಿನ ವಿನಾಯಿತಿ ಕೊಟ್ಟಿದ್ದೀರೋ ಅವೆಲ್ಲ ಈ ವಾರವೇ ಹೊರಬರಲಿ. ಅವುಗಳನ್ನು ನಂಬಿ ಇವತ್ತೂ ಯಾರೋ ಪತ್ರ ತೆರೆಯುತ್ತಿದ್ದಾರೆ.

ಗೋಡೆಲೀವ ಬೇರೆಲ್ಲೋ ಹೊಸ ಮನೆ ತೆರೆದಿದ್ದಾಳೆಂದು ಕೇಳಿದೆ. ಅಲ್ಲಿನ ಕಂಪ್ಯೂಟರಿಗೆ ಬೇರೆ ಯಾರನ್ನೋ ಕರೆಸಿದ್ದಾಳೆ. ಆ ಮನೆ ಎಲ್ಲಿದೆ ಎಂದು ನನಗೆ ಹೇಳಿಲ್ಲ. ಹೇಳದೆ ಇದ್ದದ್ದೇ ಸರಿ.

ಇಂತಿ,
ತನ್ನ ಕೈಬರಹವನ್ನು ಇನ್ನು ತಾನೇ ನಂಬದ
ಲುಟ್ಗಾರ್ಟ್ ಹಾಸೆಬ್ರೌಕ್
ಗೆಂಟ್